ಬಾರದ ಯೂನಿಯನ್ ಕೊಟ್ಟ ಎರಡು ಡಾಲರ್

'ಅಮೆರಿಕನ್ ಫ್ಯಾಕ್ಟರಿ' ನೋಡಿದವರು ಸಾಮಾನ್ಯವಾಗಿ ಅದನ್ನು ಚೀನಾ ಮತ್ತು ಅಮೆರಿಕದ ಸಂಸ್ಕೃತಿಗಳ ತಿಕ್ಕಾಟದ ಕಥೆ ಅಂತ ಹೇಳ್ತಾರೆ. ಒಬಾಮಾ ದಂಪತಿಯ ಕಂಪನಿ ಬೆನ್ನಿಗೆ ನಿಂತ ಸಾಕ್ಷ್ಯಚಿತ್ರ, 2020ರಲ್ಲಿ ಆಸ್ಕರ್ ಬೇರೆ ಬಂತು. ಹಾಗಾಗಿ ಅದರ ಬಗ್ಗೆ ಬರೆದವರಿಗೂ ಕಡಿಮೆಯಿಲ್ಲ. ನನಗೆ ಮಾತ್ರ ಇದು ಹಳೇ ಜಗಳವೊಂದರ ಸಿನಿಮಾ. ಕಾರು ಉದ್ಯಮದಲ್ಲಿ ಯೂನಿಯನ್ ಅನ್ನೋದು ಕೆಲಸಗಾರನಿಗೆ ಆಸರೆಯಾ, ಅಥವಾ ಅವನ ಅನ್ನಕ್ಕೇ ಕಲ್ಲು ಹಾಕುತ್ತಾ? ಸಿನಿಮಾ ಈ ಪ್ರಶ್ನೆಯನ್ನು ಕೇಳುತ್ತೆ, ಉತ್ತರಕ್ಕೆ ಬೇಕಾದ ಸಾಮಗ್ರಿಯನ್ನೂ ತಂದು ಮುಂದಿಡುತ್ತೆ. ಆದರೆ ಅದರಲ್ಲಿ ಒಂದು ಕಡೆಯವರ ಮಾತನ್ನು ಪೂರ್ತಿ ಕೇಳಿಸಿಕೊಂಡಿಲ್ಲ ಅನ್ನೋದು ನನ್ನ ತಕರಾರು.

ಕಥೆ ನಡೆಯೋದು ಓಹಾಯೋ ರಾಜ್ಯದಲ್ಲಿ, ಡೇಟನ್ ಪಕ್ಕದ ಮೊರೇನ್ ಅನ್ನೋ ಊರಲ್ಲಿ. ಅಲ್ಲಿ ಜನರಲ್ ಮೋಟಾರ್ಸ್ ಕಾರ್ಖಾನೆ ಇತ್ತು. 2008ರ ಡಿಸೆಂಬರ್ 23ರಂದು, ಕ್ರಿಸ್‌ಮಸ್ಸಿಗೆ ಎರಡು ದಿನ ಇದ್ದ ಹಾಗೆ, ಅದು ಬಾಗಿಲು ಹಾಕಿತು. ಐದಾರು ವರ್ಷ ಖಾಲಿ ಬಿದ್ದಿದ್ದ ಆ ಕಟ್ಟಡವನ್ನು ಚೀನಾದ ಫುಯಾವೊ ಕಂಪನಿ ಕೊಂಡುಕೊಂಡಿತು. ಕಾರಿನ ಗಾಜು ಮಾಡೋದು ಅದರ ಕಸುಬು, ಮಾಲೀಕ ತ್ಸಾವೊ ದೆವಾಂಗ್. ಹಳೇ ಜಿಎಂ ಕೆಲಸಗಾರರಲ್ಲಿ ಎಷ್ಟೋ ಜನ ಅದೇ ಗೇಟಿನೊಳಗೆ ಮತ್ತೆ ಕಾಲಿಟ್ಟರು. ಜಿಎಂನಲ್ಲಿ ಗಂಟೆಗೆ 29 ಡಾಲರಿಗಿಂತ ಹೆಚ್ಚು ಎಣಿಸ್ತಿದ್ದೆ, ಇಲ್ಲಿ 12 ಡಾಲರ್ 84 ಸೆಂಟ್ ಅಂತ ಒಬ್ಬ ಹೆಣ್ಣುಮಗಳು ಕ್ಯಾಮೆರಾ ಮುಂದೆ ಹೇಳ್ತಾಳೆ. ಅವಳು ಅಳೋದಿಲ್ಲ, ಲೆಕ್ಕ ಒಪ್ಪಿಸಿದ ಹಾಗೆ ಹೇಳಿ ಮುಗಿಸ್ತಾಳೆ.

ನಿರ್ದೇಶಕರಾದ ಜೂಲಿಯಾ ರೈಕರ್ಟ್ ಮತ್ತು ಸ್ಟೀವನ್ ಬೋಗ್ನರ್ ಈ ಸೀಮೆಯವರೇ. ಹೊರಗಿಂದ ಬಂದು ಬಡತನದ ಫೋಟೋ ಹೊಡೆದುಕೊಂಡು ಹೋಗುವವರ ಜಾತಿಯಲ್ಲ. ಸಿನಿಮಾದಲ್ಲಿ ನಿರೂಪಕರ ದನಿ ಇಲ್ಲ. ನಾವೇ ನೋಡಿ ನಾವೇ ತಿಳ್ಕೋಬೇಕು. ಕುಲುಮೆ ಹತ್ತಿರ ಕೆಲಸ ಮಾಡೋ ಚೀನೀ ತಂತ್ರಜ್ಞನ ಒಂಟಿತನ, ಅವನನ್ನೂ ಅವನ ಗೆಳೆಯರನ್ನೂ ಹಬ್ಬದೂಟಕ್ಕೆ ಕರೆದು ತನ್ನ ಬಂದೂಕು, ಬೈಕು ತೋರಿಸೋ ಅಮೆರಿಕನ್, ಇದೆಲ್ಲ ಬಲು ಚೆಂದ. ಇದರಲ್ಲಿ ಮೈಮರೆತವರಿಗೆ ಸಿನಿಮಾ ಶುರುವಿನಲ್ಲೇ ಬಂದು ಹೋಗುವ ಒಂದು ಪ್ರಶ್ನೆ ನೆನಪಿನಲ್ಲಿ ಉಳಿಯದೇ ಹೋಗಬಹುದು. ಕೆಲಸ ಕೇಳಿಕೊಂಡು ಬಂದವರ ಸಭೆಯಲ್ಲಿ ಒಬ್ಬ ಕೇಳ್ತಾನೆ, ಇಲ್ಲಿ ಯೂನಿಯನ್ ಇದೆಯಾ ಅಂತ. ಇಲ್ಲ, ಇರಬಾರದು ಅನ್ನೋದೇ ನಮ್ಮ ಇಚ್ಛೆ ಅನ್ನೋ ಅರ್ಥದ ಉತ್ತರ ಬರುತ್ತೆ. ಮುಂದಿನದೆಲ್ಲ ಆ ಉತ್ತರದ ವಿಸ್ತಾರ.

2016ರ ಉದ್ಘಾಟನೆಯ ದಿನ ಸೆನೆಟರ್ ಶೆರಾಡ್ ಬ್ರೌನ್ ವೇದಿಕೆ ಮೇಲೆ ನಿಂತು ಯೂನಿಯನ್ ಪರವಾಗಿ ಎರಡು ಮಾತಾಡ್ತಾರೆ. ಶುಭಕಾರ್ಯದಲ್ಲಿ ಯಾರೋ ಸೀನಿದ ಹಾಗಾಗುತ್ತೆ. ರಿಬ್ಬನ್ ಕತ್ತರಿಸೋ ಆ ದೊಡ್ಡ ಕತ್ತರಿಯಲ್ಲೇ ಸೆನೆಟರ್ ತಲೆ ಕತ್ತರಿಸ್ತೀನಿ ಅಂತ ಕಂಪನಿಯ ಅಮೆರಿಕನ್ ಅಧಿಕಾರಿಯೊಬ್ಬ ತಮಾಷೆಗೆ ಅಂತಾನೆ. ಗಮನಿಸಿ, ಹಾಗೆ ಅಂದವನು ಅಮೆರಿಕನ್. ಚೀನೀ ಮಾಲೀಕ ನೇರ ಮನುಷ್ಯ, ಯೂನಿಯನ್ ಬಂದರೆ ಕಾರ್ಖಾನೆ ಮುಚ್ಚಿಬಿಡ್ತೀನಿ ಅಂತ ಬಾಯಿಬಿಟ್ಟು ಹೇಳ್ತಾನೆ. ಸಂಸ್ಕೃತಿಗಳ ತಿಕ್ಕಾಟ ಅನ್ನೋರು ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಯೂನಿಯನ್ ವಿಷಯದಲ್ಲಿ ಇಬ್ಬರದೂ ಒಂದೇ ಸಂಸ್ಕೃತಿ!

ನಡುವೆ ಓಹಾಯೋದ ಸೂಪರ್‌ವೈಸರುಗಳನ್ನು ಚೀನಾದ ಫುಚಿಂಗ್‌ಗೆ ಕರಕೊಂಡು ಹೋಗೋ ಭಾಗ ಇದೆಯಲ್ಲ, ಇಡೀ ಸಿನಿಮಾದ ಜೀವ ಅದೇ. ಬೆಳಗಿನ ಹಾಜರಿ ಸೈನ್ಯದ ಕವಾಯತು ಇದ್ದ ಹಾಗೆ. ಹನ್ನೆರಡು ಗಂಟೆ ಪಾಳಿ, ತಿಂಗಳಿಗೆ ಒಂದೋ ಎರಡೋ ರಜೆ. ಒಡೆದ ಗಾಜನ್ನು ತೆಳು ಗವಸು ಹಾಕಿಕೊಂಡು ಕೈಯಲ್ಲೇ ಹೆಕ್ಕುತ್ತಾ ಕೂತವರು. ಇಲ್ಲಿ ಒಂದು ಸಂಗತಿ ಸಲೀಸಾಗಿ ಕಣ್ತಪ್ಪುತ್ತೆ: ಆ ಕಾರ್ಖಾನೆಯಲ್ಲಿ ಯೂನಿಯನ್ ಇದೆ! ಅದರ ಅಧ್ಯಕ್ಷ ಮಾಲೀಕನ ಭಾವಮೈದುನ, ಪಕ್ಷದ ಕಾರ್ಯದರ್ಶಿಯೂ ಅವನೇ. ಯೂನಿಯನ್ನೂ ಕಂಪನಿಯೂ ಒಂದಕ್ಕೊಂದು ಕಚ್ಚಿಕೊಂಡು ತಿರುಗೋ ಹಲ್ಲುಚಕ್ರದ ಹಾಗೆ ಅಂತ ಅವನ ವಿವರಣೆ. ಯೂನಿಯನ್ ಒಳ್ಳೇದಾ ಕೆಟ್ಟದ್ದಾ ಅಂತ ಬೀಡುಬೀಸಾಗಿ ಕೇಳೋರಿಗೆ ಇದೊಂದೇ ದೃಶ್ಯ ಸಾಕು. ಮೊದಲು ಯಾರ ಯೂನಿಯನ್ನು, ಅದರ ನಾಯಕನನ್ನು ಆರಿಸಿದವರ‍್ಯಾರು ಅಂತ ಕೇಳ್ಬೇಕು.

ಈಗ ಚುನಾವಣೆಗೆ ಬರೋಣ. ಅಮೆರಿಕದ ಪದ್ಧತಿ ನಮ್ಮ ಹಾಗಲ್ಲ. ನಮ್ಮಲ್ಲಿ ಒಂದೇ ಕಾರ್ಖಾನೆಯಲ್ಲಿ ಎರಡು ಮೂರು ಯೂನಿಯನ್ ಇರಬಹುದು, ಬೇಕಾದವರು ಬೇಕಾದ್ದಕ್ಕೆ ಸೇರಬಹುದು. ಅಲ್ಲಿ ಸಾಮಾನ್ಯವಾಗಿ ಗುಪ್ತ ಮತದಾನ ನಡೆದು ಬಹುಮತ ಬಂದರೆ ಎಲ್ಲರಿಗೂ ಅದೇ ಯೂನಿಯನ್, ಬರದಿದ್ದರೆ ಯಾರಿಗೂ ಇಲ್ಲ. ಕಾರು ಕೆಲಸಗಾರರ ದೊಡ್ಡ ಸಂಘವಾದ ಯುಎಡಬ್ಲ್ಯು ಫುಯಾವೊದಲ್ಲಿ ಕಾಲೂರಲು ಹೊರಟಿತು. ಕಂಪನಿ ಹತ್ತು ಲಕ್ಷ ಡಾಲರಿಗೂ ಮೀರಿ ಸುರಿದು ಯೂನಿಯನ್ ವಿರೋಧಿ ಸಲಹೆಗಾರರನ್ನು ಕರೆಸಿತು. ಕೆಲಸದ ಹೊತ್ತಿನಲ್ಲೇ ಸಭೆ, ಎಲ್ಲರೂ ಬರಲೇಬೇಕು. 2017ರ ನವೆಂಬರ್‌ನಲ್ಲಿ ಮತ ಎಣಿಸಿದಾಗ ಯೂನಿಯನ್ ಬೇಕು ಅಂದವರು 444, ಬೇಡ ಅಂದವರು 868.

ನನ್ನ ತಕರಾರು ಇರೋದು ಇಲ್ಲೇ. ಆ 444 ಜನರ ಮುಖ ನಮಗೆ ಚೆನ್ನಾಗಿ ಪರಿಚಯ ಆಗುತ್ತೆ. ಯೂನಿಯನ್ ಬೇಕು ಅನ್ನೋ ಫಲಕ ಹಿಡಿದು ಯಂತ್ರಗಳ ನಡುವೆ ಒಬ್ಬನೇ ನಡೆದುಹೋಗೋ ಮನುಷ್ಯ ಮನಸ್ಸಲ್ಲಿ ಉಳಿದುಬಿಡ್ತಾನೆ. 868 ಜನರಿಗೆ ಸಿಕ್ಕಿದ್ದು ಅಲ್ಲೊಂದು ಇಲ್ಲೊಂದು ತುಣುಕು. ಹಾಗಾಗಿ ಅವರು ಹೆದರಿದವರು, ಇಲ್ಲಾ ಸಲಹೆಗಾರರ ಮಾತಿಗೆ ಮರುಳಾದವರು ಅನ್ನೋ ಭಾವನೆ ಬಂದುಬಿಡುತ್ತೆ. ಹೆದರಿಕೆ ಇತ್ತು, ನಿಜ. ಆದರೆ ಅವರ ಜಾಗದಲ್ಲಿ ನಿಂತು ಲೆಕ್ಕ ಹಾಕಿ ನೋಡಿ. ಇದೇ ಕಟ್ಟಡದಲ್ಲಿ ಯೂನಿಯನ್ ಇತ್ತು, ಐಯುಇ-ಸಿಡಬ್ಲ್ಯುಎ ಅಂತ. ಅದರ ಕಣ್ಣೆದುರೇ ಕಾರ್ಖಾನೆ ಮುಚ್ಚಿತು. ಗಂಟೆಗೆ 29 ಡಾಲರ್ ಕೊಡಿಸಿದ ಸಂಘಕ್ಕೆ ಗೇಟು ತೆರೆದಿಡಿಸೋಕೆ ಆಗಲಿಲ್ಲ. ಎಷ್ಟೋ ತಿಂಗಳು ಕೆಲಸವಿಲ್ಲದೆ, ಮನೆ ಸಾಲದ ಕಂತು ಕಟ್ಟಲಾಗದೆ ಕೂತವರಿಗೆ 12 ಡಾಲರ್ 84 ಸೆಂಟ್ ಕೂಡ ಕೈಯಲ್ಲಿರೋ ದುಡ್ಡು. ಮುಚ್ಚಿಬಿಡ್ತೀನಿ ಅನ್ನೋ ಮಾಲೀಕನ ಮಾತು ಬೇರೆ ಊರಲ್ಲಿ ಬರೀ ಬೆದರಿಕೆ ಇರಬಹುದು. ಮೊರೇನ್‌ನಲ್ಲಿ ಅದು ಒಮ್ಮೆ ಆಗಿಹೋದ ಸಂಗತಿ.

ಇನ್ನೂ ಒಂದಿದೆ. ಬಾಗಿಲು ತಟ್ಟುತ್ತಿದ್ದ ಯುಎಡಬ್ಲ್ಯು ಆಗೇನು ಸುಭಗ ಸಂಘವಾಗಿರಲಿಲ್ಲ. 2007ರ ಒಪ್ಪಂದದಲ್ಲಿ ಹಳಬರಿಗೊಂದು ಸಂಬಳ, ಹೊಸದಾಗಿ ಸೇರುವವರಿಗೆ ಹೆಚ್ಚುಕಡಿಮೆ ಅರ್ಧ ಸಂಬಳ ಅನ್ನೋ ಎರಡು ಪಂಕ್ತಿಯ ಊಟಕ್ಕೆ ಅದೇ ಸಹಿ ಹಾಕಿತ್ತು. ಕಂಪನಿಗಳು ಮುಳುಗುತ್ತಿದ್ದವು, ಬೇರೆ ದಾರಿ ಇರಲಿಲ್ಲ ಅಂತ ಸಮಜಾಯಿಷಿ ಕೊಡಬಹುದು. ಆದರೆ ಒಂದೇ ಲೈನಿನಲ್ಲಿ ಒಂದೇ ಬೋಲ್ಟು ಬಿಗಿಯುವ ಇಬ್ಬರಲ್ಲಿ ಒಬ್ಬನಿಗೆ ಅರ್ಧ ಕೂಲಿ ಅಂದರೆ, ಆ ಹುಡುಗನಿಗೆ ಸಂಘದ ಮೇಲೆ ಯಾವ ನಂಬಿಕೆ ಇರುತ್ತೆ? ಮುಂದೆ ಇದೇ ಸಂಘದ ಇಬ್ಬರು ಮಾಜಿ ಅಧ್ಯಕ್ಷರು, ಡೆನಿಸ್ ವಿಲಿಯಮ್ಸ್ ಮತ್ತು ಗ್ಯಾರಿ ಜೋನ್ಸ್, ಸಂಘದ ಹಣ ನುಂಗಿದ್ದಕ್ಕೆ ಜೈಲಿಗೆ ಹೋದರು. ಬೇಡ ಅಂದ 868 ಜನ ದಡ್ಡರಲ್ಲ ಸ್ವಾಮಿ. ಅವರನ್ನು ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿಸಿದ್ದರೆ ಈ ಸಿನಿಮಾ ಇನ್ನೂ ಗಟ್ಟಿಯಾಗ್ತಿತ್ತು.

ಹಾಗಾದರೆ ನಾನು ಅವರ ಕಡೆಯವನಾ? ಅಲ್ಲ. ಸಿನಿಮಾದಲ್ಲೇ ಇರೋ ಒಂದು ಸಣ್ಣ ಸಂಗತಿ ನನ್ನನ್ನು ಆ ಕಡೆ ಹೋಗಲು ಬಿಡೋದಿಲ್ಲ. ಯೂನಿಯನ್ ಗಾಳಿ ಬೀಸುತ್ತಿದ್ದ 2017ರಲ್ಲೇ ಕಂಪನಿ ಗಂಟೆಗೆ ಎರಡು ಡಾಲರ್ ಸಂಬಳ ಏರಿಸುತ್ತೆ. ಹೊಸ ಅಧ್ಯಕ್ಷರು ಸಭೆ ಕರೆದು ಇದನ್ನು ಘೋಷಿಸಿದಾಗ ಚಪ್ಪಾಳೆ ಬೀಳುತ್ತೆ. ನಿನ್ನೆವರೆಗೆ ಇಲ್ಲದ ಈ ಔದಾರ್ಯ ಎಲ್ಲಿಂದ ಬಂತು? ಯಾವ ಕೆಲಸಗಾರನೂ ಒಂಟಿಯಾಗಿ ಮ್ಯಾನೇಜರ್ ಕೋಣೆಗೆ ಹೋಗಿ ಅದನ್ನು ಕೇಳಿ ಪಡೆದದ್ದಲ್ಲ. ಯೂನಿಯನ್ ಇನ್ನೂ ಗೇಟಿನ ಹೊರಗಿತ್ತು. ಕೊನೆಗೂ ಅದು ಒಳಗೆ ಬರಲಿಲ್ಲ. ಬಾರದಿದ್ದರೂ ಎರಡು ಡಾಲರ್ ಕೊಡಿಸಿತು, ಅದೂ ಬೇಡ ಅಂದವರಿಗೂ ಸೇರಿಸಿ. ಸಲಹೆಗಾರರಿಗೆ ಸುರಿದ ಹತ್ತು ಲಕ್ಷ ಡಾಲರನ್ನೂ ಇದರ ಪಕ್ಕ ಇಡಿ. ಕೆಲಸಗಾರನಿಗೆ ಉಪಯೋಗವಿಲ್ಲದ ವಸ್ತುವನ್ನು ದೂರ ಇಡೋಕೆ ಯಾವ ವ್ಯಾಪಾರಿಯೂ ಅಷ್ಟು ದುಡ್ಡು ಚೆಲ್ಲೋದಿಲ್ಲ.

ಇದು ಒಂದು ಕಾರ್ಖಾನೆಯ ಆಕಸ್ಮಿಕ ಅಂದುಕೊಂಡರೆ 2023ನ್ನು ನೋಡಿ. ಹಗರಣದ ನಂತರ ಯುಎಡಬ್ಲ್ಯು ಸದಸ್ಯರು ಮೊದಲ ಸಲ ನೇರ ಮತದಿಂದ ತಮ್ಮ ಅಧ್ಯಕ್ಷನನ್ನು ಆರಿಸಿದರು. ಶಾನ್ ಫೇನ್ ಕೂದಲೆಳೆ ಅಂತರದಲ್ಲಿ ಗೆದ್ದರು. ಅದೇ ಸೆಪ್ಟೆಂಬರ್‌ನಲ್ಲಿ ಡೆಟ್ರಾಯಿಟ್‌ನ ಮೂರೂ ಕಂಪನಿಗಳ ಮೇಲೆ ಒಟ್ಟಿಗೆ ಮುಷ್ಕರ ಶುರುವಾಗಿ, ನಾಲ್ಕೂವರೆ ವರ್ಷದಲ್ಲಿ 25% ಏರಿಕೆಯ ಒಪ್ಪಂದ ಬಂತು. ಶಾಯಿ ಆರುವ ಮೊದಲೇ ಯೂನಿಯನ್ ಇಲ್ಲದ ಟೊಯೋಟಾ, ಹೋಂಡಾ, ಹ್ಯುಂಡೈ ಕೂಡ ತಮ್ಮ ಅಮೆರಿಕದ ಕಾರ್ಖಾನೆಗಳಲ್ಲಿ ಸಂಬಳ ಏರಿಸಿದವು. ಪಕ್ಕದ ಗದ್ದೆಗೆ ನೀರು ಬಿಟ್ಟರೆ ನಮ್ಮ ಬದುವೂ ಹಸಿಯಾಗುತ್ತಲ್ಲ, ಹಾಗೆ. 2014ರಲ್ಲೂ 2019ರಲ್ಲೂ ಯೂನಿಯನ್ ಬೇಡ ಅಂದಿದ್ದ ಚಟ್ಟನೂಗದ ಫೋಕ್ಸ್‌ವ್ಯಾಗನ್ ಕೆಲಸಗಾರರು 2024ರಲ್ಲಿ 2,628 ಮತ ಹಾಕಿ ಬೇಕು ಅಂದರು, ಬೇಡ ಅಂದವರು 985. ಸಂಘ ಅದೇ. ಆದರೆ ಈ ಸಲ ಅದು ಮಾಡಿ ತೋರಿಸಿದ್ದು ಅವರ ಕಣ್ಣಮುಂದಿತ್ತು.

ಇದೆಲ್ಲ ದೂರದೂರಿನ ಪುರಾಣ ಅನ್ನಬೇಡಿ. 2020ರ ನವೆಂಬರ್‌ನಲ್ಲಿ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ ಮುಷ್ಕರ, ಲಾಕ್‌ಔಟ್. ಅದು ನಾಲ್ಕು ತಿಂಗಳ ಹತ್ತಿರ ಜಗ್ಗಾಡಿತು. ಯೂನಿಯನ್ ಇದ್ದದ್ದಕ್ಕೇ ಇಷ್ಟು ರಾದ್ಧಾಂತ ಅಂತ ಆಗ ಬಹಳ ಜನ ಮೂಗು ಮುರಿದರು. ಹೆಚ್ಚುಕಡಿಮೆ ಒಂದು ತಿಂಗಳಿಗೆ, ಡಿಸೆಂಬರ್ 12ರಂದು, ಕೋಲಾರದ ನರಸಾಪುರದಲ್ಲಿ ಆಗ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಗೆ ಕೆಲಸಗಾರರು ನುಗ್ಗಿ ಗಾಜು ಪುಡಿ ಮಾಡಿದರು. ಹೆಚ್ಚಿನವರು ಗುತ್ತಿಗೆ ಹುಡುಗರು, ಸಂಬಳ ಸರಿಯಾಗಿ ಬಂದಿರಲಿಲ್ಲ. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಪಾವತಿಯಾಗಿಲ್ಲ ಅಂತ ಕಂಪನಿಯೂ ಆಮೇಲೆ ಒಪ್ಪಿಕೊಂಡಿತು. ಬಿಡದಿಯಲ್ಲಿ ಜಗಳಕ್ಕೆ ಎದುರು ಕೂತು ಮಾತಾಡಲು ಒಂದು ಕುರ್ಚಿಯಾದರೂ ಇತ್ತು. ನರಸಾಪುರದಲ್ಲಿ ಆ ಕುರ್ಚಿಯೇ ಇರಲಿಲ್ಲ. ನಾಲ್ಕು ತಿಂಗಳು ಸಂಬಳ ಬಿಟ್ಟು ಕೂರೋದು ಸಣ್ಣ ನಷ್ಟ ಅಂತ ನಾನು ಹೇಳ್ತಾ ಇಲ್ಲ. ಬಿಡದಿಯ ಆ ಮನೆಗಳಲ್ಲಿ ಅಡುಗೆ ಒಲೆ ಹೇಗೆ ಉರಿಯಿತು ಅಂತ ಅವರನ್ನೇ ಕೇಳಬೇಕು.

ಸಿನಿಮಾದ ಕೊನೆಯಲ್ಲಿ ತ್ಸಾವೊ ಅವರಿಗೆ ಹೊಸ ಯಂತ್ರಗಳನ್ನು ತೋರಿಸ್ತಾರೆ. ಇದು ಬಂದರೆ ಇಲ್ಲಿ ನಾಲ್ಕು ಜನರನ್ನು ತೆಗೀಬಹುದು ಅಂತ ಖುಷಿಯಿಂದ ವಿವರಿಸ್ತಾರೆ. ಕೆಲವು ವಿಮರ್ಶಕರು ಇದನ್ನೇ ಹಿಡಿದು, ರೋಬೋಟು ಬಂದಮೇಲೆ ಯೂನಿಯನ್ ಮಾತೇ ಅಪ್ರಸ್ತುತ ಅಂದುಬಿಟ್ಟರು. ನನಗೆ ಆ ಅವಸರ ಅರ್ಥವಾಗೋದಿಲ್ಲ. ಯಂತ್ರ ಯಾವಾಗ ಬರಬೇಕು, ತೆಗೆದ ನಾಲ್ವರಿಗೆ ಏನು ಕೊಡಬೇಕು ಅಂತ ಕೇಳೋರು ಬೇಕಾಗೋದು ಆಗಲೇ ಅಲ್ವಾ? ಪರದೆ ಮೇಲೆ ಮೂಡುವ ಕೊನೆಯ ಸಾಲುಗಳಲ್ಲಿ ಕಾರ್ಖಾನೆಗೆ ಈಗ ಲಾಭ ಬರ್ತಿದೆ, ಹೊಸದಾಗಿ ಸೇರುವವರಿಗೆ ಗಂಟೆಗೆ 14 ಡಾಲರ್ ಅಂತ ಇದೆ. 29ರ ಎದುರು 14 ಅನ್ನೋದು ಸೋತವರ ಲೆಕ್ಕ, 12 ಚಿಲ್ಲರೆಯ ಎದುರು 14 ಗೆದ್ದವರ ಲೆಕ್ಕ. ಎರಡನ್ನೂ ಒಬ್ಬರೇ ಮನೆಗೆ ಒಯ್ಯುತ್ತಿದ್ದಾರೆ.

ನೋಡೋದಾದರೆ ಇದಕ್ಕೆ ಮುಂಚೆ ಅದೇ ನಿರ್ದೇಶಕರ 'ದಿ ಲಾಸ್ಟ್ ಟ್ರಕ್' ನೋಡಿ. 2009ರದ್ದು, ಮುಕ್ಕಾಲು ಗಂಟೆಯೂ ಇಲ್ಲ, ಮೊರೇನ್‌ನ ಜಿಎಂ ಕಾರ್ಖಾನೆ ಮುಚ್ಚಿದ ಕಥೆ. ಆಗ ಜಿಎಂ ಇವರನ್ನು ಒಳಗೆ ಚಿತ್ರೀಕರಣಕ್ಕೆ ಬಿಡಲಿಲ್ಲ, ಕೆಲಸಗಾರರೇ ಸಣ್ಣ ಕ್ಯಾಮೆರಾಗಳನ್ನು ಕದ್ದು ಒಯ್ದು ತಮ್ಮ ಕೊನೆಯ ದಿನಗಳನ್ನು ತೆಗೆದುಕೊಟ್ಟರು. ಅದೇ ಗೇಟಿನೊಳಗೆ ಇವರನ್ನು ಕ್ಯಾಮೆರಾ ಸಮೇತ ಬಿಟ್ಟುಕೊಂಡವರು, ಯೂನಿಯನ್ ಒಂದು ಬಿಟ್ಟು ಏನು ಬೇಕಾದರೂ ಬರಲಿ ಅನ್ನುತ್ತಿದ್ದ ತ್ಸಾವೊ.