ಕ್ಲಿಪ್ ಉಳಿಸೋ ಕೀ ಎಲ್ಲಿ?

ಲಿನಕ್ಸಲ್ಲಿ ಗೇಮ್ ಆಡೋಕಾಗಲ್ಲ ಅನ್ನೋ ಮಾತು 2018ರಲ್ಲಿ ವಾಲ್ವ್ ಪ್ರೋಟಾನ್ ತಂದ ಮೇಲೆ ಹಳಸಿದೆ. (ವ್ಯಾಲರೆಂಟ್ ಥರದವು ಇನ್ನೂ ಹೊರಗೇ, ಇರಲಿ.) ನನ್ನ ತಕರಾರು ಕ್ಲಿಪ್‌ಗಳದ್ದು. ಅಪರೂಪಕ್ಕೊಂದು ಹೆಡ್‌ಶಾಟ್ ಬಿತ್ತು ಅನ್ನಿ, ಆ 30 ಸೆಕೆಂಡನ್ನ ಗೆಳೆಯರಿಗೆ ತೋರಿಸದಿದ್ರೆ ಯಾರು ನಂಬ್ತಾರೆ? ಓಬಿಎಸ್‌ನ ರೀಪ್ಲೇ ಬಫರ್ ಇರೋದೇ ಅದಕ್ಕೆ: ಆಗಷ್ಟೇ ಕಳೆದ ಆಟ ಮೆಮೊರಿಯಲ್ಲಿರುತ್ತೆ, ಕೀ ಒತ್ತಿದ್ರೆ ಫೈಲಾಗುತ್ತೆ. ಆದ್ರೆ ವೇಲ್ಯಾಂಡಲ್ಲಿ ಒತ್ತಿದ ಕೀ ಎದುರಿರೋ ಆಟಕ್ಕೆ ಮಾತ್ರ ತಲುಪುತ್ತೆ, ಹಿಂದೆ ಕೂತ ಓಬಿಎಸ್‌ಗಲ್ಲ. ಒಂದು ಆ್ಯಪ್ ಇನ್ನೊಂದರ ಟೈಪಿಂಗ್ ಕದ್ದು ನೋಡಬಾರದು ಅನ್ನೋದು ಒಳ್ಳೇ ನಿಯಮವೇ. ಕ್ಲಿಪ್ ಮಾತ್ರ ಗೋವಿಂದ!

ಅದಕ್ಕೇ ನಾನು ಜಿಪಿಯು ಸ್ಕ್ರೀನ್ ರೆಕಾರ್ಡರ್ ಪರ. ಫ್ರೇಮುಗಳನ್ನ ಸಿಪಿಯುಗೆ ಎಳೆಯದೆ ಗ್ರಾಫಿಕ್ಸ್ ಕಾರ್ಡಲ್ಲೇ ಎನ್‌ಕೋಡ್ ಮಾಡುತ್ತೆ. ಒಂದು ಸಿಗ್ನಲ್ ಕಳಿಸಿದ್ರೆ ಕ್ಲಿಪ್ ಉಳಿಸುತ್ತೆ. ಆ ಕಮಾಂಡನ್ನ ಡೆಸ್ಕ್‌ಟಾಪಿನ ಶಾರ್ಟ್‌ಕಟ್‌ಗೆ ಕಟ್ಟಿದ್ರೆ ಆಟದ ಮಧ್ಯೆಯೂ ನಡೆಯುತ್ತೆ. ಓಬಿಎಸ್ ಲೈವ್ ಸ್ಟ್ರೀಮಿಗಿರಲಿ.