ಡ್ರಾಕುಲಾ ಹೇಳುವ ‘ಎಂದೆಂದಿಗೂ’

ಪ್ರೇಮಕಥೆಗೆ ಒಂದು ಅಡ್ಡಿ ಬೇಕು. ಒಪ್ಪದ ಅಪ್ಪ, ಹೊಂದದ ಜಾತಿ, ಸಾಲದ ಹಣ, ತಲುಪದ ಕಾಗದ, ಇಂಥದ್ದು ಏನಾದರೂ ಇಲ್ಲದಿದ್ದರೆ ಇಬ್ಬರೂ ಮೊದಲ ರೀಲಿನಲ್ಲೇ ಸೇರಿಬಿಡುತ್ತಾರೆ, ಕಥೆ ಅಲ್ಲಿಗೇ ಮುಗಿಯುತ್ತದೆ. ಎಪ್ಪತ್ತರ ದಶಕದ ಕೊನೆಯ ನ್ಯೂಯಾರ್ಕನ್ನು ಇಟ್ಟುಕೊಂಡು ಪ್ರೇಮಕಥೆ ಹೇಳಹೊರಟವರಿಗೆ ಎದುರಾದ ತೊಂದರೆ ಇದೇ. ಸಿನಿಮಾಗಳಲ್ಲಿ ಕಾಣುವ ಆ ನಗರದಲ್ಲಿ ಯಾರೂ ಯಾರನ್ನೂ ತಡೆಯುವುದಿಲ್ಲ, ಹಾಗಾಗಿ ಯಾರೂ ಯಾರಿಗಾಗಿಯೂ ಕಾಯುವುದೂ ಇಲ್ಲ. 1979ರ ‘ಲವ್ ಅಟ್ ಫಸ್ಟ್ ಬೈಟ್’ ಇದಕ್ಕೆ ಕಂಡುಕೊಂಡ ಉಪಾಯ ವಿಚಿತ್ರವಾದದ್ದು. ಕಾಯುವುದನ್ನು ಬಿಟ್ಟರೆ ಬೇರೇನೂ ಗೊತ್ತಿಲ್ಲದ, ಶತಮಾನಗಳಷ್ಟು ವಯಸ್ಸಾದ ಒಬ್ಬ ಗಂಡಸನ್ನು ಅದು ಈ ನಗರಕ್ಕೆ ಕರೆತರುತ್ತದೆ. ಅವನೇ ಕೌಂಟ್ ಡ್ರಾಕುಲಾ.

1979 ಡ್ರಾಕುಲಾಗಳ ವರ್ಷವಾಗಿತ್ತು. ಜರ್ಮನಿಯ ವರ್ನರ್ ಹರ್ಜೋಗ್ ಕ್ಲೌಸ್ ಕಿನ್ಸ್ಕಿಯನ್ನು ಇಟ್ಟುಕೊಂಡು ‘ನೊಸ್ಫೆರಾಟು’ ಮಾಡಿದರು. ಜಾನ್ ಬ್ಯಾಡಮ್ ಅವರ ಚಿತ್ರದಲ್ಲಿ ಫ್ರಾಂಕ್ ಲ್ಯಾಂಜೆಲ್ಲಾ ಮೋಹಕನಾದ ಡ್ರಾಕುಲಾ ಆದರು. ಎರಡೂ ಗಂಭೀರ ಚಿತ್ರಗಳು. ಇವುಗಳ ನಡುವೆ, ಜಾಹೀರಾತು ಲೋಕದಿಂದ ಬಂದ ಸ್ಟ್ಯಾನ್ ಡ್ರಾಗೋಟಿ ನಿರ್ದೇಶಿಸಿದ, ರಾಬರ್ಟ್ ಕೌಫ್‌ಮನ್ ಬರೆದ, ಜಾರ್ಜ್ ಹ್ಯಾಮಿಲ್ಟನ್ ನಟಿಸಿದ ಈ ಹಗುರ ಹಾಸ್ಯಚಿತ್ರ ಚೆನ್ನಾಗಿಯೇ ಓಡಿತು. ವಿಮರ್ಶಕರು ಸಾಮಾನ್ಯವಾಗಿ ಚರ್ಚೆಗೆ ಎತ್ತಿಕೊಳ್ಳುವುದು ಮೊದಲ ಎರಡನ್ನು. ಆದರೆ ಆಧುನಿಕ ಕಾಲದಲ್ಲಿ ಡ್ರಾಕುಲಾನಿಗೆ ಏನು ಕೆಲಸ ಎಂಬ ಪ್ರಶ್ನೆಯನ್ನು ನೇರವಾಗಿ ಕೇಳಿದ್ದು ಈ ಮೂರನೆಯದು ಎಂದು ನನಗನ್ನಿಸುತ್ತದೆ.

ಚಿತ್ರ ಶುರುವಾಗುವುದು ಮನೆ ಖಾಲಿ ಮಾಡಿಸುವ ಆದೇಶದಿಂದ. ರೊಮೇನಿಯಾದ ಕಮ್ಯುನಿಸ್ಟ್ ಸರ್ಕಾರಕ್ಕೆ ಕೋಟೆ ಬೇಕಾಗಿದೆ, ಅಲ್ಲಿ ಜಿಮ್ನಾಸ್ಟಿಕ್ಸ್ ತರಬೇತಿ ಕೇಂದ್ರ ಆಗಬೇಕು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ನಾಡಿಯಾ ಕೊಮನೆಚಿ ಹತ್ತಕ್ಕೆ ಹತ್ತು ಅಂಕ ಪಡೆದು ಜಗತ್ತನ್ನು ಬೆರಗುಗೊಳಿಸಿದ ದಿನಗಳು ಇನ್ನೂ ಹಸಿಯಾಗಿದ್ದ ಕಾಲವದು. ತಮಾಷೆ ಸಣ್ಣದು, ಆದರೆ ಅದು ಮಾಡುವ ಕೆಲಸ ದೊಡ್ಡದು. ಬ್ರಾಮ್ ಸ್ಟೋಕರ್‌ನ 1897ರ ಕಾದಂಬರಿಯಲ್ಲಿ ಡ್ರಾಕುಲಾ ಲಂಡನ್ನಿಗೆ ಹೋಗುವುದು ಆಸ್ತಿ ಖರೀದಿಸಿ, ವಕೀಲನಿಂದ ಕಾಗದಪತ್ರ ಸರಿಮಾಡಿಸಿಕೊಂಡು. ಪೂರ್ವದಿಂದ ಬಂದ ಪರಕೀಯ ತಮ್ಮ ನಗರದಲ್ಲಿ ತಮ್ಮಂತೆಯೇ ಓಡಾಡಿ ತಮ್ಮ ರಕ್ತವನ್ನೇ ಕೆಡಿಸಿಯಾನು ಎಂಬ ಇಂಗ್ಲಿಷರ ಅಂಜಿಕೆ ಆ ಪುಸ್ತಕದ ಉಸಿರು. ಎಂಬತ್ತೆರಡು ವರ್ಷಗಳ ನಂತರ ಅದೇ ಮನುಷ್ಯ ಗಡಿ ದಾಟುವುದು ನೆಲೆ ಕಳೆದುಕೊಂಡ ವಲಸಿಗನಾಗಿ. ಜೊತೆಗಿರುವುದು ಒಂದು ಶವಪೆಟ್ಟಿಗೆ ಮತ್ತು ಹುಳ ತಿನ್ನುವ ಸೇವಕ ರೆನ್‌ಫೀಲ್ಡ್. ವಿಮಾನ ನಿಲ್ದಾಣದಲ್ಲಿ ಆ ಪೆಟ್ಟಿಗೆಯೂ ಅದಲುಬದಲಾಗುತ್ತದೆ.

ಹ್ಯಾಮಿಲ್ಟನ್ ಮಾತನಾಡುವ ಧಾಟಿ 1931ರ ಚಿತ್ರದ ಬೆಲಾ ಲುಗೋಸಿಯದ್ದು. ಲುಗೋಸಿ ಹುಟ್ಟಿದ ಊರು ಆಗ ಹಂಗೇರಿಯಲ್ಲಿತ್ತು, ಈಗ ರೊಮೇನಿಯಾದಲ್ಲಿದೆ. ಅಮೆರಿಕಕ್ಕೆ ವಲಸೆ ಬಂದು 1927ರಲ್ಲಿ ಬ್ರಾಡ್‌ವೇ ರಂಗದ ಮೇಲೆ ಮೊದಲು ಡ್ರಾಕುಲಾ ಆದ ಆ ನಟನ ಉಚ್ಚಾರವನ್ನು ನಾವೆಲ್ಲ ಭೂತದ ಉಚ್ಚಾರ ಎಂದುಕೊಂಡೆವು. ನಿಜಕ್ಕೂ ಅದು ಇಂಗ್ಲಿಷನ್ನು ತಡವಾಗಿ ಕಲಿತ ಒಬ್ಬ ವಲಸಿಗನ ಉಚ್ಚಾರ. ಈ ಹಾಸ್ಯಚಿತ್ರ ಅದನ್ನು ಮತ್ತೆ ವಲಸಿಗನ ಬಾಯಿಗೇ ಕೊಡುತ್ತದೆ.

ನಗರಕ್ಕೆ ಇವನ ಭಯವೇ ಇಲ್ಲ. ಕಪ್ಪು ಮೇಲಂಗಿ ತೊಟ್ಟು ಬೀದಿಯಲ್ಲಿ ನಡೆದರೆ ಇನ್ನೊಬ್ಬ ಹುಚ್ಚ ಎಂದುಕೊಂಡು ಜನ ಪಕ್ಕಕ್ಕೆ ಸರಿಯುತ್ತಾರೆ. ಬಾವಲಿಯಾಗಿ ಒಂದು ಬಡವರ ಮನೆಗೆ ಹಾರಿಬಂದರೆ ಅವರು ಕಪ್ಪು ಕೋಳಿ ಎಂದುಕೊಂಡು ಅಡುಗೆಗೆಂದು ಅಟ್ಟಾಡಿಸುತ್ತಾರೆ. ಕುಡುಕನೊಬ್ಬನ ರಕ್ತ ಹೀರಿದರೆ ಇವನಿಗೇ ಅಮಲೇರುತ್ತದೆ. ಕೊನೆಗೆ ರಕ್ತಕ್ಕಾಗಿ ಬ್ಲಡ್ ಬ್ಯಾಂಕನ್ನು ದೋಚಬೇಕಾಗುತ್ತದೆ. ಹೆದರಿಸುವುದೇ ಕಸುಬಾಗಿದ್ದವನಿಗೆ ಹೆದರುವವರೇ ಇಲ್ಲದಿರುವುದಕ್ಕಿಂತ ಅವಮಾನ ಇನ್ನೇನಿದೆ? ಹ್ಯಾಮಿಲ್ಟನ್ ಈ ಅವಮಾನವನ್ನು ಗಾಂಭೀರ್ಯದಿಂದಲೇ ನುಂಗುತ್ತಾರೆ. ತಾನು ಹಾಸ್ಯಚಿತ್ರದಲ್ಲಿದ್ದೇನೆ ಎಂದು ಅವರ ಡ್ರಾಕುಲಾನಿಗೆ ಯಾರೂ ಹೇಳಿಯೇ ಇಲ್ಲ ಅನ್ನಿಸುತ್ತದೆ. ಉಳಿದವರೆಲ್ಲ ಅವಸರದಲ್ಲಿ, ಗಟ್ಟಿ ದನಿಯಲ್ಲಿ ಮಾತನಾಡುತ್ತಾರೆ. ಇವನೊಬ್ಬ ಮಾತ್ರ ಬಾಗಿ ನಮಸ್ಕರಿಸುತ್ತಾನೆ.

ಅವನು ಹುಡುಕಿಕೊಂಡು ಬಂದಿರುವುದು ಸಿಂಡಿ ಸೊಂಡ್‌ಹೈಮ್ ಎಂಬ ಫ್ಯಾಶನ್ ಮಾಡೆಲ್‌ಳನ್ನು. ತನ್ನ ಹಳೆಯ ಪ್ರೇಯಸಿ ಮೀನಾ ಹಾರ್ಕರ್ ಇವಳಾಗಿ ಮತ್ತೆ ಹುಟ್ಟಿದ್ದಾಳೆ ಎಂಬುದು ಅವನ ನಂಬಿಕೆ. ಸೂಸನ್ ಸೇಂಟ್ ಜೇಮ್ಸ್ ಈ ಪಾತ್ರಕ್ಕೆ ತಂದಿರುವ ದಣಿವು ಮೊದಲ ನೋಟಕ್ಕೆ ಕಾಣುವುದಿಲ್ಲ. ಎಲ್ಲವೂ ಸಿಕ್ಕಿದೆ, ಯಾವುದೂ ನಿಲ್ಲುತ್ತಿಲ್ಲ ಎಂಬ ದಣಿವು ಅದು. ಅವಳ ಮನೋವೈದ್ಯನೇ ಅವಳ ಗೆಳೆಯನೂ ಹೌದು: ಡಾ. ಜೆಫ್ರಿ ರೋಸೆನ್‌ಬರ್ಗ್, ವ್ಯಾನ್ ಹೆಲ್ಸಿಂಗ್ ವಂಶದ ಕುಡಿ, ವೃತ್ತಿಗೆ ಒಳ್ಳೆಯದೆಂದು ಹೆಸರು ಬದಲಿಸಿಕೊಂಡವನು. ರಿಚರ್ಡ್ ಬೆಂಜಮಿನ್ ನಟಿಸಿರುವ ಈ ವೈದ್ಯನೇ ಚಿತ್ರದ ಅತ್ಯಂತ ನಗೆ ತರಿಸುವ ಪಾತ್ರ. ಯೆಹೂದಿಯಾದ ಅವನು ಡ್ರಾಕುಲಾನ ಎದುರು ಶಿಲುಬೆಯ ಬದಲು ದಾವೀದನ ನಕ್ಷತ್ರವನ್ನು ಹಿಡಿಯುತ್ತಾನೆ, ಏನೂ ಆಗುವುದಿಲ್ಲ. ಬೆಳ್ಳಿಯ ಗುಂಡು ಹಾರಿಸಿದರೆ, ಅದು ತೋಳಮಾನವರಿಗೆ ಮಾತ್ರ ಎಂದು ಡ್ರಾಕುಲಾ ತಾಳ್ಮೆಯಿಂದ ತಿಳಿಸಿಹೇಳುತ್ತಾನೆ.

ಈ ಇಬ್ಬರನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಚಿತ್ರದ ತಿರುಳು ಸಿಗುತ್ತದೆ. ವೈದ್ಯನಿಗೆ ಸಿಂಡಿ ಬೇಕು, ಆದರೆ ಅವಳ ಕೈ ಹಿಡಿಯುವ ತೀರ್ಮಾನ ಬೇಡ. ಅವಳಿಗೆ ಅವನು ಚಿಕಿತ್ಸೆಯ ಬಿಲ್ಲನ್ನೂ ಕಳಿಸುತ್ತಾನೆ. ಅವನು ಮದುವೆಯ ಮಾತೆತ್ತುವುದು ಪ್ರತಿಸ್ಪರ್ಧಿ ಬಂದ ಮೇಲೆ. ಡ್ರಾಕುಲಾ ‘ಎಂದೆಂದಿಗೂ’ ಎಂದರೆ ಅದು ಅಲಂಕಾರವಲ್ಲ, ಅಕ್ಷರಶಃ ಅರ್ಥ. ಪ್ರೇಮಿಗಳೆಲ್ಲರೂ ಹೇಳುವ ಮಾತನ್ನು ಪಾಲಿಸಬಲ್ಲ ಒಬ್ಬನೇ ಒಬ್ಬ ಈ ಸತ್ತ ಮನುಷ್ಯ. ಹಾಸ್ಯ ಹುಟ್ಟುವುದೂ ಇಲ್ಲಿಂದಲೇ, ವಿಷಾದ ಹುಟ್ಟುವುದೂ ಇಲ್ಲಿಂದಲೇ.

‘ವ್ಯಾಂಪೈರ್’ ಪದಕ್ಕೆ ನಾವು ರಕ್ತಪಿಶಾಚಿ ಎನ್ನುತ್ತೇವೆ. ರಿಚರ್ಡ್ ಬರ್ಟನ್ 1870ರಲ್ಲಿ ವಿಕ್ರಮ-ಬೇತಾಳರ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ಬೇತಾಳವನ್ನೇ ‘ವ್ಯಾಂಪೈರ್’ ಎಂದು ಕರೆದ. ಹೊಂದಿಕೆ ಅಷ್ಟು ಸರಿಯಿಲ್ಲ, ಏಕೆಂದರೆ ನಮ್ಮ ಬೇತಾಳ ರಕ್ತ ಕೇಳುವುದಿಲ್ಲ, ಉತ್ತರ ಕೇಳುತ್ತದೆ. ಆದರೆ ಈ ಚಿತ್ರದ ಡ್ರಾಕುಲಾ ಕೊನೆಕೊನೆಗೆ ಬೇತಾಳಕ್ಕೆ ಹತ್ತಿರವಾಗುತ್ತಾನೆ. ಅವಳು ಪೂರ್ತಿ ಅವನವಳಾಗಬೇಕಾದರೆ ಮೂರು ಸಲ ಕಚ್ಚಬೇಕು. ಮೂರನೆಯ ಕಡಿತಕ್ಕೆ ಮೊದಲು, ನಗರವೆಲ್ಲ ವಿದ್ಯುತ್ ಕಡಿತದಿಂದ ಕತ್ತಲಾದ ರಾತ್ರಿ, ವಿಮಾನ ತಪ್ಪಿಹೋದ ರನ್‌ವೇ ಮೇಲೆ ಅವಳ ಒಪ್ಪಿಗೆ ಬರುತ್ತದೆ. ಸ್ಟೋಕರ್‌ನ ಕಾದಂಬರಿಯಲ್ಲಿ ಮೀನಾಳನ್ನು ಯಾರೂ ಏನೂ ಕೇಳಿರಲಿಲ್ಲ.

ಹಾಗೆಂದು ಚಿತ್ರವನ್ನು ಪೂರ್ತಿ ಕ್ಷಮಿಸಲು ನನಗಾಗುವುದಿಲ್ಲ. ಅದಲುಬದಲಾದ ಶವಪೆಟ್ಟಿಗೆ ಹಾರ್ಲೆಮ್‌ನ ಕಪ್ಪು ಜನರ ಚರ್ಚಿನ ಅಂತ್ಯಕ್ರಿಯೆಗೆ ಹೋಗಿ ತೆರೆದುಕೊಳ್ಳುವ ದೃಶ್ಯದಲ್ಲಿ ನಗೆ ಹುಟ್ಟುವುದು ಆ ಜನರ ಬೆಚ್ಚಿಬೀಳುವ ಮುಖಗಳಿಂದ. ಹಾಲಿವುಡ್ ಕಪ್ಪು ನಟರಿಂದ ದಶಕಗಳ ಕಾಲ ಮಾಡಿಸಿದ ಅದೇ ಹಳೆಯ ಹೆದರಿಕೆಯ ಆಟವದು. ಬಾವಲಿಯನ್ನು ಬೇಯಿಸಹೊರಟ ಬಡ ಕುಟುಂಬದ ತಮಾಷೆಯೂ ಇದೇ ಜಾತಿಯದು. ಬಿಳಿಯ ಕೌಂಟನ ವಲಸೆಗೆ ಮರುಗುವ ಚಿತ್ರ, ಅದೇ ನಗರದ ಬೇರೆ ವಲಸಿಗರನ್ನು ನಗೆಗೆ ಸರಕು ಮಾಡಿಕೊಳ್ಳುತ್ತದೆ.

ಇನ್ನೊಂದು ತಕರಾರು ಇದಕ್ಕಿಂತ ಆಳದ್ದು. ಸಿಂಡಿ ತನ್ನ ಕೆಲಸ, ಮನೆ, ಹಗಲು, ಎಲ್ಲವನ್ನೂ ಬಿಡುತ್ತಾಳೆ. ಡ್ರಾಕುಲಾ ಬಿಡುವುದೇನು? ಕೋಟೆಯನ್ನು ಮೊದಲೇ ಕಳೆದುಕೊಂಡಾಗಿತ್ತು. ದುಡಿಯುವ, ಒಬ್ಬಳೇ ಬದುಕುವ ಹೆಣ್ಣಿನ ಸ್ವಾತಂತ್ರ್ಯವನ್ನು ಕಥೆ ಬರಿಯ ದಣಿವಾಗಿ ಕಂಡು, ಹಳೆಯ ಕಾಲದ ಗಂಡಸಿನ ತೋಳೇ ಅದಕ್ಕೆ ಮದ್ದು ಎನ್ನುತ್ತದೆ. ಅವಳ ಒಪ್ಪಿಗೆ ಕೇಳಿತೇನೋ ನಿಜ, ಅವಳ ಮುಂದೆ ಇಟ್ಟ ಆಯ್ಕೆಗಳು ಮಾತ್ರ ಎರಡೇ: ಬಿಲ್ಲು ಕಳಿಸುವ ಗೆಳೆಯ, ಕೊರಳು ಕೇಳುವ ಗೆಳೆಯ. ಮೂರನೆಯ ದಾರಿಯೊಂದು ಇರಬಹುದೆಂದು ಕೌಫ್‌ಮನ್ ಅವರ ಚಿತ್ರಕಥೆಗೆ ಹೊಳೆಯಲೇ ಇಲ್ಲ.

2008ರಲ್ಲಿ ‘ಟ್ವಿಲೈಟ್’ ಬಂದ ಮೇಲೆ ಪ್ರೀತಿಸುವ ರಕ್ತಪಿಶಾಚಿ ಹದಿಹರೆಯದವರ ಕನಸಾದ. ಅಲ್ಲಿ ‘ಎಂದೆಂದಿಗೂ’ ಎಂಬ ಮಾತಿಗೆ ನಗುವವರು ಕಡಿಮೆ. ಈ ಹಳೆಯ ಚಿತ್ರ ಅದನ್ನು ನಗುತ್ತಲೇ ಹೇಳುವುದರಿಂದ ಅದರ ಬೆಲೆಯನ್ನೂ ಒಂದಿಷ್ಟು ಕಾಣಿಸಿಬಿಡುತ್ತದೆ. ಕೊನೆಯ ದೃಶ್ಯ ನೋಡಿ. ವೈದ್ಯ ಮರದ ಗೂಟ ಹಿಡಿದು ಓಡಿಬರುತ್ತಾನೆ, ಅಷ್ಟರಲ್ಲಿ ಎರಡು ಬಾವಲಿಗಳು ಹಾರಿಹೋಗಿರುತ್ತವೆ. ಮೇಲಿನಿಂದ ಒಂದು ಚೆಕ್ ಬೀಳುತ್ತದೆ, ಸಿಂಡಿ ಬಾಕಿ ಉಳಿಸಿಕೊಂಡಿದ್ದ ಚಿಕಿತ್ಸೆಯ ಹಣ. ಮನುಷ್ಯಲೋಕವನ್ನು ಬಿಟ್ಟುಹೋಗುವಾಗ ಅವಳು ತೀರಿಸಬೇಕಾಗಿದ್ದದ್ದು ಅಷ್ಟೇ. ರಕ್ತ ಹೀರುವವರು ಯಾರು ಎಂಬ ಪ್ರಶ್ನೆಯನ್ನು ಆ ಚೆಕ್ಕಿನಷ್ಟು ಚುರುಕಾಗಿ ಕೇಳಿದ ಇನ್ನೊಂದು ಡ್ರಾಕುಲಾ ಚಿತ್ರವನ್ನು ನಾನು ನೋಡಿಲ್ಲ.