ಅನ್ವಯಕ್ಕೆ ಮುನ್ನ ವಾಚನ: ಕಿರು ಸಮುದಾಯಗಳಲ್ಲಿ ಪವಿತ್ರಗ್ರಂಥದ ಹಂಚಿಕೆ

ವಿಜಯನಗರದ ಮನೆಯೊಂದರಲ್ಲಿ ಸೇರಿದ್ದ ಕಿರು ಕ್ರೈಸ್ತ ಸಮುದಾಯ ಆ ಸಂಜೆ ಪ್ರಾರ್ಥನೆಗಾಗಿ ಆರಿಸಿಕೊಂಡದ್ದು ಯೆರೆಮೀಯನ ಗ್ರಂಥದ 29ನೆಯ ಅಧ್ಯಾಯದ 11ನೆಯ ವಚನವನ್ನು. ದೇವರು ತಮ್ಮ ಜನರ ಒಳಿತನ್ನೇ ಬಯಸಿದ್ದಾರೆ, ಅವರಿಗೆ ಭವಿಷ್ಯವುಂಟು ಎಂಬ ಭರವಸೆ ಅದು. ಒಬ್ಬ ಯುವಕ ಅದನ್ನು ತನ್ನ ಉದ್ಯೋಗ ಸಂದರ್ಶನಕ್ಕೆ ಅನ್ವಯಿಸಿಕೊಂಡ. ಇನ್ನೊಬ್ಬರು ನಿವೇಶನದ ವ್ಯಾಜ್ಯಕ್ಕೆ. ಕೊನೆಯಲ್ಲಿ, ಮಗನನ್ನು ಕಳೆದುಕೊಂಡಿದ್ದ ತಾಯಿಯೊಬ್ಬರು ಕೇಳಿದರು: “ಫಾದರ್, ಈ ಮಾತು ನನಗೂ ಹೇಳಿದ್ದೇ?” ನಾನು ಹತ್ತು ನಿಮಿಷ ಪ್ರಬೋಧನೆ ಮಾಡಿದೆ, ಉತ್ತರ ಕೊಡಲಿಲ್ಲ.

ಆ ಸಮುದಾಯ ಅನುಸರಿಸುತ್ತಿದ್ದುದು ‘ಏಳು ಹೆಜ್ಜೆಗಳ’ ಕ್ರಮವನ್ನು. ದಕ್ಷಿಣ ಆಫ್ರಿಕದ ಲುಂಕೊ ಸಂಸ್ಥೆಯಲ್ಲಿ ರೂಪುಗೊಂಡ ಈ ಕ್ರಮವು ಏಷ್ಯಾದ ಧರ್ಮಸಭೆಗಳಲ್ಲಿಯೂ ನೆಲೆಯೂರಿದೆ. ಪ್ರಭುವನ್ನು ಆಹ್ವಾನಿಸುವುದು, ವಾಕ್ಯವನ್ನು ಓದುವುದು, ಮನಮುಟ್ಟಿದ ಪದಗಳನ್ನು ಮತ್ತೆ ಮತ್ತೆ ಉಚ್ಚರಿಸುವುದು, ಮೌನವಾಗಿರುವುದು, ಹಂಚಿಕೊಳ್ಳುವುದು, ಕೈಗೊಳ್ಳಬೇಕಾದ ಕಾರ್ಯವನ್ನು ಗುರುತಿಸುವುದು, ಪ್ರಾರ್ಥಿಸುವುದು ಎಂಬ ಏಳೂ ಹೆಜ್ಜೆಗಳು ಸರಳವಾಗಿವೆ. ಪಾಂಡಿತ್ಯವಿಲ್ಲದವರಿಗೂ ಇದು ಪವಿತ್ರಗ್ರಂಥವನ್ನು ತೆರೆದುಕೊಟ್ಟಿದೆ. ಹಂಚಿಕೆಯ ಹೊತ್ತಿನಲ್ಲಿ ಚರ್ಚೆಯೂ ಉಪದೇಶವೂ ಸಲ್ಲದೆಂಬ ಅದರ ನಿಯಮ ವಿವೇಕಪೂರ್ಣವಾದುದು. ಆ ಸಂಜೆ ಅದನ್ನು ಮುರಿದವನು ನಾನೇ.

ಆದರೆ ಕ್ರಮದಲ್ಲಿಯೇ ಒಂದು ಕೊರತೆಯುಂಟು. ಓದಿನಿಂದ ಮನಮುಟ್ಟಿದ ಪದಕ್ಕೆ ನಾವು ನೇರವಾಗಿ ದಾಟಿಬಿಡುತ್ತೇವೆ. ಆ ಮಾತು ಮೊದಲು ಯಾರಿಗೆ, ಯಾವಾಗ ಹೇಳಿದ್ದು ಎಂದು ಕೇಳುವ ಹೆಜ್ಜೆ ಅಲ್ಲಿಲ್ಲ. ಜಗದ್ಗುರು ಹದಿನಾರನೆಯ ಬೆನೆಡಿಕ್ಟರು 2010ರ ‘ವೆರ್ಬುಮ್ ದೊಮಿನಿ’ಯಲ್ಲಿ ದಿವ್ಯ ವಾಚನವನ್ನು ವಿವರಿಸುವಾಗ ಇದನ್ನೇ ಮೊದಲ ಪ್ರಶ್ನೆಯಾಗಿ ಇರಿಸಿದ್ದಾರೆ, ಇದನ್ನು ಬಿಟ್ಟರೆ ನಾವು ನಮ್ಮ ಆಲೋಚನೆಗಳಿಂದಾಚೆಗೆ ಹೋಗಲಾರೆವೆಂದು ಎಚ್ಚರಿಸಿದ್ದಾರೆ. ಕನ್ನಡ ಪಂಡಿತರು ಹಳೆಯ ಪದ್ಯವನ್ನು ಪಾಠ ಮಾಡುತ್ತಿದ್ದ ರೀತಿಯನ್ನು ನೆನೆಯೋಣ. ಅವರಿಗೆ ‘ಅನ್ವಯ’ವೆಂದರೆ ಮೊದಲು ಪದಗಳನ್ನು ಒಂದಕ್ಕೊಂದು ಸರಿಯಾಗಿ ಹೊಂದಿಸಿಕೊಳ್ಳುವುದು. ಅರ್ಥ, ತಾತ್ಪರ್ಯಗಳು ಅನಂತರ. ವಾಕ್ಯದ ಅನ್ವಯವಾಗದೆ ಬಾಳಿಗೆ ಅದರ ಅನ್ವಯವಾಗದು.

ಯೆರೆಮೀಯನ ವಚನವನ್ನೇ ನೋಡೋಣ. ಅದು ಒಂದು ಪತ್ರದ ಭಾಗ. ಕ್ರಿ.ಪೂ. 597ರಲ್ಲಿ ನೆಬುಕದ್ನೆಚ್ಚರನು ಬಾಬಿಲೋನಿಗೆ ಸೆರೆಯೊಯ್ದ ಜನರಿಗೆ ಪ್ರವಾದಿಯು ಜೆರುಸಲೇಮಿನಿಂದ ಬರೆದದ್ದು. ಮೂಲ ಹೀಬ್ರೂವಿನಲ್ಲಿ ಮಾತು ಬಹುವಚನದಲ್ಲಿದೆ. ಕನ್ನಡದ ‘ನಿಮ್ಮ’ ಎಂಬುದೂ ಬಹುವಚನವೇ. ಆದರೆ ನಾವು ಒಬ್ಬರನ್ನು ಗೌರವದಿಂದ ಕರೆಯುವಾಗಲೂ ಅದನ್ನೇ ಬಳಸುವೆವು. ಹಾಗಾಗಿ ವಚನವು ಗೋಡೆಯ ಕ್ಯಾಲೆಂಡರಿನಲ್ಲಿ ಒಂಟಿಯಾಗಿ ನಿಂತಾಗ, ಒಂದು ಜನಾಂಗಕ್ಕೆ ಹೇಳಿದ್ದು ಒಬ್ಬನಿಗೆ ಹೇಳಿದಂತೆ ಕೇಳಿಸುತ್ತದೆ. ಅದರ ಹಿಂದಿನ ವಚನವು ಬಿಡುಗಡೆಗೆ 70 ವರ್ಷಗಳ ಅವಧಿಯನ್ನು ನಿಗದಿಪಡಿಸಿದೆ. ಎರಡೇ ವರ್ಷಗಳಲ್ಲಿ ಎಲ್ಲವೂ ಸರಿಹೋಗುವುದೆಂದ ಹನನ್ಯನನ್ನು 28ನೆಯ ಅಧ್ಯಾಯವು ಸುಳ್ಳು ಪ್ರವಾದಿಯೆಂದು ತೋರಿಸುತ್ತದೆ. ಎಂದರೆ, ಪತ್ರವನ್ನು ಕೇಳಿಸಿಕೊಂಡ ಹೆಚ್ಚಿನವರು ಮರಳಿ ಬರುವ ದಿನವನ್ನು ಕಾಣುವಂತಿರಲಿಲ್ಲ. ಆದರೂ ಭರವಸೆ ಅವರದೇ ಆಗಿತ್ತು.

ಇದನ್ನು ಆ ಸಂಜೆ ಮೊದಲೇ ಓದಿದ್ದರೆ, ಸಂದರ್ಶನದ ಫಲವನ್ನು ದೇವರ ನಿಷ್ಠೆಗೆ ಅಳತೆಗೋಲಾಗಿಸುವುದು ತಪ್ಪುತ್ತಿತ್ತು. ಆ ತಾಯಿಗೂ ಸ್ಥಾನವಿರುತ್ತಿತ್ತು. ಎಲ್ಲರೂ ತಮ್ಮ ತಮ್ಮ ಗೆಲುವಿಗೆ ವಚನವನ್ನು ಹೊಂದಿಸಿಕೊಂಡ ಕೂಟದಲ್ಲಿ, ಸೋತವರು ಒಂದೋ ಮೌನವಾಗುತ್ತಾರೆ, ಇಲ್ಲವೇ ಮುಂದಿನ ವಾರ ಬರುವುದಿಲ್ಲ. ಅವರು ಬಾರದೇ ಹೋದರೆ ಆ ‘ನಿಮ್ಮ’ ಎಂಬ ಬಹುವಚನ ಅಷ್ಟರಮಟ್ಟಿಗೆ ಕುಂದುತ್ತದೆ.

ಹಾಗೆಂದು ಆಂತರಿಕ ಅನ್ವಯವನ್ನು ಬಿಟ್ಟು ಕೂಟವನ್ನು ತರಗತಿಯಾಗಿಸಬೇಕೆಂದು ನನ್ನ ವಾದವಲ್ಲ. ವಾಚನ, ಮನನ, ಪ್ರಾರ್ಥನೆ, ಧ್ಯಾನಗಳೆಂಬ ನಾಲ್ಕು ಮೆಟ್ಟಿಲುಗಳನ್ನು ಹೇಳಿದ ಹನ್ನೆರಡನೆಯ ಶತಮಾನದ ಕಾರ್ಥೂಸಿಯನ್ ಸನ್ಯಾಸಿ ಎರಡನೆಯ ಗ್ವೀಗೊ ಏಕಾಂತವಾಸಿಯಾಗಿದ್ದ. ವಾಚನವಿಲ್ಲದ ಮನನ ದಾರಿ ತಪ್ಪುವುದೆಂಬುದು ಅವನ ಸ್ಪಷ್ಟ ನಿಲುವು. ಅದಕ್ಕಿಂತ ಗಮನಾರ್ಹವಾದುದು ಆ ಕೃತಿಯ ರೂಪ. ಅದು ಗೆರ್ವಾಸನೆಂಬ ಸಹೋದರನಿಗೆ ಬರೆದ ಪತ್ರ. ತನ್ನ ಚಿಂತನೆಗಳನ್ನು ತೂಗಿನೋಡಿ ತಿದ್ದೆಂದು ಗ್ವೀಗೊ ಅವನನ್ನು ಕೇಳಿಕೊಳ್ಳುತ್ತಾನೆ. ಕೋಣೆಯ ಏಕಾಂತದಲ್ಲಿ ದೊರೆತದ್ದನ್ನೂ ಸಹೋದರನ ವಿವೇಚನೆಗೆ ಒಪ್ಪಿಸಬೇಕು. ಕೂಟದ ನಿಜವಾದ ಪ್ರಯೋಜನವೂ ಇದೇ.

ಗುರುಮಠದ ಸಹೋದರರಿಗೆ ನನ್ನ ಸಲಹೆ ಸಣ್ಣದು. ವಾರಾಂತ್ಯದ ಸೇವೆಗೆಂದು ಕೂಟಗಳಿಗೆ ಹೋದಾಗ, ಎರಡನೆಯ ಹೆಜ್ಜೆಯಲ್ಲಿ ಆಯ್ದ ವಚನದೊಡನೆ ಇಡೀ ಭಾಗವನ್ನು ಓದಿಸಿರಿ. ಮಾತು ಯಾರಿಂದ, ಯಾರಿಗೆ, ಯಾವ ಸಂಕಟದಲ್ಲಿ ಬಂದಿತೆಂಬುದನ್ನು ಮೂರು ನಿಮಿಷಗಳಲ್ಲಿ ಹೇಳಿ, ಆಮೇಲೆ ಸುಮ್ಮನಿರಿ. ಆರನೆಯ ಹೆಜ್ಜೆಯನ್ನು ಅವಸರದಲ್ಲಿ ಮುಗಿಸಬೇಡಿರಿ. ಯೆರೆಮೀಯನ ಪತ್ರದಲ್ಲಿ 11ನೆಯ ವಚನಕ್ಕೆ ಮುನ್ನ 7ನೆಯದು ಬರುತ್ತದೆ. ಸೆರೆಯೊಯ್ದ ನಗರದ ಕ್ಷೇಮವನ್ನೇ ಅರಸಿರೆಂಬ ಆಜ್ಞೆ ಅದರಲ್ಲಿದೆ. ಕೆಲಸ ಹುಡುಕಿಕೊಂಡು ಊರು ಬಿಟ್ಟು ಬಂದು ಕೆಂಗೇರಿಯಲ್ಲೋ ಬಸವೇಶ್ವರನಗರದಲ್ಲೋ ನೆಲೆಸಿದ ಕುಟುಂಬಗಳು ಸೆರೆಯಾಳುಗಳಲ್ಲ. ಆದರೂ ತನ್ನದಲ್ಲದ ನಗರದಲ್ಲಿ ನೆರೆಯವರ ಒಳಿತಿಗಾಗಿ ಪ್ರಾರ್ಥಿಸುವುದೆಂದರೇನೆಂದು ಅವರು ಬಲ್ಲರು.

ಆ ತಾಯಿಗೆ ನಾನು ಕೊಡಬೇಕಾಗಿದ್ದ ಉತ್ತರ ಚಿಕ್ಕದು: “ಹೌದಮ್ಮ, ನಿಮಗೂ ಹೇಳಿದ್ದೇ. ಮರಳುವುದನ್ನು ಕಾಣದವರನ್ನೂ ಸೇರಿಸಿಯೇ ದೇವರು ಅದನ್ನು ಹೇಳಿದ್ದು.” ಆದರೆ ಅದನ್ನು ಹೇಳುವ ಅರ್ಹತೆ ಪೂರ್ತಿ ಪತ್ರವನ್ನು ಓದಿದವನಿಗೆ ಮಾತ್ರ ಬರುತ್ತದೆ.